ಹಳೆ ನಾಣ್ಯಕ್ಕೆ ಬೆಲೆ ಕಟ್ಟೋದು ಹೇಗೆ?

ಮನೆಯಲ್ಲಿ 1947ರ ಒಂದು ರೂಪಾಯಿ ನಾಣ್ಯ ಇದ್ದರೆ ಅದಕ್ಕೊಂದು ಅಯಸ್ಕಾಂತ ಹಿಡಿದು ನೋಡಿ. ಫ್ರಿಜ್ ಬಾಗಿಲಿನ ಮೇಲಿರುವ ಮ್ಯಾಗ್ನೆಟ್ ಆದರೂ ಸಾಕು. ನಾಣ್ಯ ಟಕ್ ಅಂತ ಅಂಟಿಕೊಳ್ಳುತ್ತದೆ. ಬೆಳ್ಳಿ ಹಾಗೆ ಅಂಟುವುದಿಲ್ಲ. ಒಂದು ಕಡೆ ಆರನೇ ಜಾರ್ಜ್ ತಲೆ, ಇನ್ನೊಂದು ಕಡೆ ಹುಲಿ ಇರುವ ಆ ನಾಣ್ಯ ನಿಕ್ಕಲ್‌ನದು. ಎಷ್ಟೋ ಮನೆಗಳಲ್ಲಿ ಅದನ್ನು ಬೆಳ್ಳಿ ಅಂತಲೇ ದೇವರ ಪೆಟ್ಟಿಗೆಯಲ್ಲಿ ಜೋಪಾನ ಮಾಡಿರುತ್ತಾರೆ. ಸ್ವಾತಂತ್ರ್ಯ ಬಂದ ವರ್ಷದ್ದು, ರಾಜನ ಮುಖ ಇರುವ ಕೊನೆಯ ರೂಪಾಯಿ, ಅದಕ್ಕೇ ಲಕ್ಷಗಟ್ಟಲೆ ಬಾಳುತ್ತದೆ ಅಂತ ಯಾವುದೋ ವಿಡಿಯೋ ಹೇಳಿರುತ್ತದೆ. ಆದರೆ ಆ ನಾಣ್ಯ ಕೋಟಿಗಟ್ಟಲೆ ಅಚ್ಚಾಗಿದೆ. ಇವತ್ತಿಗೂ ಬೇಕಾದಷ್ಟು ಸಿಗುತ್ತದೆ. ಓಡಾಡಿ ಸವೆದ ನಾಣ್ಯಕ್ಕೆ ಸಿಗೋದು ಕೆಲವು ನೂರು ರೂಪಾಯಿ ಅಷ್ಟೆ.

ಇದಕ್ಕೆ ಉಲ್ಟಾ ಕಥೆಯೂ ಇದೆ. ಅಜ್ಜಿ ಬಿಟ್ಟುಹೋದ ಬೆಳ್ಳಿ ನಾಣ್ಯಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಬೆಂಗಳೂರಿನ ನಗರ್ತಪೇಟೆಗೋ ಅವೆನ್ಯೂ ರಸ್ತೆಗೋ ಹೋಗುತ್ತಾರೆ. "ಎಷ್ಟಮ್ಮ, ತೂಕಕ್ಕೆ ಹಾಕಿಬಿಡ್ಲಾ?" ಅಂತ ಅಂಗಡಿಯವರು ಕೇಳುತ್ತಾರೆ. "ಹಾಕಿ ಅಣ್ಣ" ಅಂದರೆ ಮುಗಿಯಿತು. ಎಲ್ಲವೂ ಮೂಸೆಗೆ ಹೋಗುತ್ತವೆ. ಅದರಲ್ಲಿ ಅಪರೂಪದ ಒಂದು ನಾಣ್ಯ ಇತ್ತೋ ಇಲ್ಲವೋ ಯಾರಿಗೂ ಗೊತ್ತಾಗುವುದೇ ಇಲ್ಲ. ನನಗೆ ಹೊಟ್ಟೆ ಉರಿಯೋದು ಇದಕ್ಕೇ. ದುಡ್ಡು ಹೋದರೆ ಹೋಗಲಿ, ಕರಗಿದ ನಾಣ್ಯ ಮತ್ತೆ ಹುಟ್ಟುವುದಿಲ್ಲ ಅಲ್ವಾ.

ಈ ಎರಡೂ ಆಗಬಾರದು ಅಂದರೆ ಬೆಲೆ ಎಲ್ಲಿಂದ ಬರುತ್ತದೆ ಅನ್ನೋದು ಗೊತ್ತಿರಬೇಕು.

ವಯಸ್ಸು ಬೇರೆ, ಬೆಲೆ ಬೇರೆ

ಹಳೆಯದಾದಷ್ಟೂ ಬೆಲೆ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ರಾಜರಾಜ ಚೋಳನ ತಾಮ್ರದ ಕಾಸಿಗೆ ಸಾವಿರ ವರ್ಷ ಆಯಿತು. ಒಂದು ಕಡೆ ನಿಂತ ಆಕೃತಿ, ಇನ್ನೊಂದು ಕಡೆ ಕೂತ ಆಕೃತಿ, ಪಕ್ಕದಲ್ಲಿ ನಾಗರಿ ಅಕ್ಷರದಲ್ಲಿ ಹೆಸರು. ಇವತ್ತು ಅದರ ಸಾಮಾನ್ಯ ಪ್ರತಿಯನ್ನು ಕೆಲವು ನೂರು ರೂಪಾಯಿಗೇ ಕೊಳ್ಳಬಹುದು. ಯಾಕೆಂದರೆ ಅವು ಲೆಕ್ಕವಿಲ್ಲದಷ್ಟು ಉಳಿದಿವೆ. ಅದೇ 1939ರ ಆರನೇ ಜಾರ್ಜ್‌ನ ಒಂದು ರೂಪಾಯಿ ತೆಗೆದುಕೊಳ್ಳಿ. ಇನ್ನೂ ನೂರು ವರ್ಷವೂ ಆಗಿಲ್ಲ. ಆದರೆ ಚಲಾವಣೆಗೆ ಬಂದದ್ದೇ ತೀರ ಕಡಿಮೆ. ಬ್ರಿಟಿಷ್ ಕಾಲದ ನಾಣ್ಯ ಕೂಡಿಸುವವರೆಲ್ಲ ಹುಡುಕುವ ನಾಣ್ಯ ಅದು. ಅಸಲಿ ಸಿಕ್ಕರೆ ದೊಡ್ಡ ಮೊತ್ತಕ್ಕೇ ಹೋಗುತ್ತದೆ.

ಅಂದರೆ ಬೆಲೆ ನಿಂತಿರುವುದು ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ನಿಮ್ಮ ಕೈಲಿರುವುದು ಯಾವ ಸ್ಥಿತಿಯಲ್ಲಿದೆ ಅನ್ನುವುದರ ಮೇಲೆ. "ಎಷ್ಟು ಅಚ್ಚಾಗಿತ್ತು" ಮತ್ತು "ಎಷ್ಟು ಉಳಿದಿವೆ" ಒಂದೇ ಅಲ್ಲ ಅನ್ನೋದನ್ನೂ ಗಮನದಲ್ಲಿಡಿ. 1911ರ ಐದನೇ ಜಾರ್ಜ್ ರೂಪಾಯಿಯ ವಿಷಯ ಕೇಳಿ. ರಾಜನ ನಿಲುವಂಗಿಯ ಮೇಲಿನ ಸರದಲ್ಲಿ ಒಂದು ಪುಟ್ಟ ಆನೆ ಇದೆ. ಅದರ ಸೊಂಡಿಲು ಮೋಟಾಗಿ ಬಂದು, ನೋಡಿದವರಿಗೆ ಹಂದಿಯ ಹಾಗೆ ಕಂಡಿತು. ಗಲಾಟೆ ಎದ್ದಿತು. ಸರ್ಕಾರ ನಾಣ್ಯ ವಾಪಸ್ ತೆಗೆದುಕೊಂಡು ಕರಗಿಸಿತು. ಅಚ್ಚಾದದ್ದು ಸುಮಾರು 94 ಲಕ್ಷ, ಜನರ ಕೈಗೆ ಬಂದದ್ದು ಸುಮಾರು 7 ಲಕ್ಷ. 1912ರಿಂದ ಆನೆಯ ಸೊಂಡಿಲು ತಿದ್ದಿದರು. ಹಾಗಾಗಿ ನಿಮ್ಮ ಐದನೇ ಜಾರ್ಜ್ ರೂಪಾಯಿಯಲ್ಲಿ 1911 ಅಂತ ಇದ್ದರೆ ಪಕ್ಕಕ್ಕೆ ಎತ್ತಿಡಿ. ಅದು ಬೆಳ್ಳಿಯ ತೂಕಕ್ಕೆ ಮಾರುವ ನಾಣ್ಯ ಅಲ್ಲ. ಹಾಗಂತ ಮನೆ ಕಟ್ಟಿಸುವಷ್ಟು ದುಡ್ಡೂ ಬರುವುದಿಲ್ಲ. ಆ 7 ಲಕ್ಷದಲ್ಲಿ ಉಳಿದವು ಇನ್ನೂ ಸಾಕಷ್ಟಿವೆ.

ಮೊದಲು ತಳದ ಬೆಲೆ

ಬೆಳ್ಳಿ, ಚಿನ್ನದ ನಾಣ್ಯಕ್ಕೆ ಒಂದು ತಳದ ಬೆಲೆ ಇದ್ದೇ ಇರುತ್ತದೆ. ಲೋಹದ ಬೆಲೆ. ಮೊದಲು ಇದನ್ನು ಲೆಕ್ಕ ಹಾಕಿಕೊಳ್ಳಿ. ಇದಕ್ಕಿಂತ ತೀರ ಕಡಿಮೆಗೆ ಯಾರಿಗೂ ಕೊಡಬೇಕಾಗಿಲ್ಲ.

ಬ್ರಿಟಿಷರ ಕಾಲದ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. 1939ರವರೆಗಿನ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಶುದ್ಧ ಬೆಳ್ಳಿ 10.69 ಗ್ರಾಂ ಸಿಗುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿಗೆ ತತ್ವಾರ ಬಂತು. 1940ರಿಂದ 1945ರವರೆಗೆ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. ನೋಡೋಕೆ ಅದೇ ಗಾತ್ರ, ಅದೇ ತೂಕ, ಆದರೆ ಒಳಗಿನ ಬೆಳ್ಳಿ 5.83 ಗ್ರಾಂ ಮಾತ್ರ. ಆಮೇಲೆ ಬಂದದ್ದು ಮೇಲೆ ಹೇಳಿದ ನಿಕ್ಕಲ್. ಲೆಕ್ಕ ಸುಲಭವಾಗಲಿ ಅಂತ ಬೆಳ್ಳಿ ಗ್ರಾಂಗೆ 100 ರೂಪಾಯಿ ಅಂತ ಇಟ್ಟುಕೊಳ್ಳೋಣ. ಆಗ 1918ರ ರೂಪಾಯಿಯ ಬೆಳ್ಳಿ 1,069 ರೂಪಾಯಿ, 1944ರದ್ದು 583 ರೂಪಾಯಿ. ನೂರರ ಜಾಗದಲ್ಲಿ ಇವತ್ತಿನ ದರ ಹಾಕಿಕೊಂಡರಾಯಿತು. ಅಂಗಡಿಯವರು ಕರಗಿಸುವ ಖರ್ಚು, ಲಾಭ ಅಂತ ಒಂದಿಷ್ಟು ಮುರಿದುಕೊಳ್ಳುತ್ತಾರೆ. ಅದು ಸಹಜ. ಆದರೆ ಎರಡೂ ನಾಣ್ಯಕ್ಕೆ ಒಂದೇ ರೇಟ್ ಹೇಳಿದರೆ ಒಪ್ಪಬೇಡಿ.

ಕಲಬುರಗಿ, ರಾಯಚೂರು, ಬೀದರ್ ಕಡೆಯಿಂದ ಬಂದು ಬೆಂಗಳೂರಲ್ಲಿ ನೆಲೆಸಿದವರ ಮನೆಯಲ್ಲಿ ಚಾರ್‌ಮಿನಾರ್ ಚಿತ್ರದ ರೂಪಾಯಿ ಇರುತ್ತದೆ. ಅದು ನಿಜಾಮರ ಕಾಲದ "ಹಾಲಿ ಸಿಕ್ಕ" ಅನ್ನೋ ನಾಣ್ಯ. ತೂಕ 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8. ಕೊನೆಕೊನೆಗೆ ಅದರಲ್ಲೂ ಬೆಳ್ಳಿ ಅರ್ಧಕ್ಕೆ ಇಳಿಯಿತು. 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ 15 ಗ್ರಾಂ, ನೂರಕ್ಕೆ 80 ಬೆಳ್ಳಿ. ಅಂದರೆ ಹನ್ನೆರಡು ಗ್ರಾಂ ಬೆಳ್ಳಿ. ಇನ್ನು ಕಮಲದ ಹೂವಿರುವ ಇಪ್ಪತ್ತು ಪೈಸೆ. ಅದರಲ್ಲಿ ಚಿನ್ನ ಬೆರೆಸಿದ್ದರು ಅನ್ನೋ ಮಾತು ಇನ್ನೂ ಓಡಾಡುತ್ತಿದೆ. ಚಿನ್ನ ಇಲ್ಲ. ತಾಮ್ರವೇ ಹೆಚ್ಚಿರುವ ಮಿಶ್ರಲೋಹ ಅದು. ಲಕ್ಷ್ಮಿ ಪೂಜೆಗೆ ಇಡೋಕೆ ಚೆನ್ನಾಗಿದೆ, ಹಾಗೇ ಇಡಿ.

ಮನೆಯಲ್ಲೇ ಬೆಳ್ಳಿ ಪರೀಕ್ಷೆ

ಬೆಳ್ಳಿ ಹೌದೋ ಅಲ್ಲವೋ ನೋಡೋಕೆ ನಾಣ್ಯವನ್ನು ಗೀಚಿಸಬೇಡಿ. ಒರೆಗಲ್ಲಿಗೆ ತಿಕ್ಕಿದರೆ ಅಲ್ಲಿಗೆ ಸಂಗ್ರಹದ ಬೆಲೆ ಇಳಿಯಿತು. ಅದರ ಬದಲು ಹೀಗೆ ಮಾಡಿ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಎಸ್.ಪಿ. ರೋಡಲ್ಲೋ ಆನ್‌ಲೈನ್‌ನಲ್ಲೋ ಕಡಿಮೆ ಬೆಲೆಗೆ ಸಿಗುತ್ತದೆ. ಮೊದಲು ನಾಣ್ಯವನ್ನು ಒಣಗಿದ್ದಾಗಲೇ ತೂಗಿ. ಬ್ರಿಟಿಷರ ಕಾಲದ ರೂಪಾಯಿಯಾದರೆ 11.6 ಗ್ರಾಂ ಹತ್ತಿರ ಬರಬೇಕು. ಸವೆದಿದ್ದರೆ ಸ್ವಲ್ಪ ಕಡಿಮೆ ಬರಬಹುದು.

ಈಗ ತಕ್ಕಡಿ ಮೇಲೆ ನೀರು ತುಂಬಿದ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ಸಣ್ಣ ದಾರ ಕಟ್ಟಿ. ಲೋಟದ ತಳಕ್ಕಾಗಲಿ ಗೋಡೆಗಾಗಲಿ ತಾಗದ ಹಾಗೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿದುಕೊಳ್ಳಿ. ಗುಳ್ಳೆ ಅಂಟಿಕೊಂಡಿದ್ದರೆ ಮೆಲ್ಲಗೆ ಅಲ್ಲಾಡಿಸಿ. ತಕ್ಕಡಿ ಒಂದು ಅಂಕಿ ತೋರಿಸುತ್ತದೆ. ನಾಣ್ಯ ಎಷ್ಟು ಜಾಗ ಹಿಡಿದಿದೆ ಅನ್ನೋದರ ಲೆಕ್ಕ ಅದು. 1939ರವರೆಗಿನ ಅಸಲಿ ರೂಪಾಯಿಯಾದರೆ 1.13ರ ಆಸುಪಾಸು ಬರುತ್ತದೆ. ಅರ್ಧ ಬೆಳ್ಳಿಯ 1940ರ ದಶಕದ್ದಾದರೆ 1.22. ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್‌ನಲ್ಲಿ ಮಾಡಿದ ನಕಲಿಯಾದರೆ 1.3 ದಾಟುತ್ತದೆ. ತೂಕ ಸರಿಯಾಗಿದ್ದರೂ ಗಾತ್ರ ಮೋಸ ಬಿಟ್ಟುಕೊಡುತ್ತದೆ. ನಾಣ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ. ಆಮೇಲೆ ಮೆತ್ತನೆ ಬಟ್ಟೆ ಮೇಲೆ ಇಟ್ಟು ತಾನಾಗಿ ಒಣಗೋಕೆ ಬಿಡಿ, ಉಜ್ಜಬೇಡಿ.

ಯಾವ ನಾಣ್ಯ, ಸರಿಯಾಗಿ ಯಾವುದು

"ವಿಕ್ಟೋರಿಯಾ ರಾಣಿ ಕಾಯಿನ್ ಇದೆ, ಎಷ್ಟು?" ಅಂತ ಕೇಳಿದರೆ ಯಾವ ಡೀಲರ್‌ಗೂ ಹೇಳೋಕೆ ಆಗುವುದಿಲ್ಲ. 1877ಕ್ಕೆ ಮುಂಚಿನದಾದರೆ ಕ್ವೀನ್ ಅಂತ ಇರುತ್ತದೆ, ಆಮೇಲಿನದಾದರೆ ಎಂಪ್ರೆಸ್. 1862 ಅಂತ ಬರೆದ ರೂಪಾಯಿಗಳು ಎಲ್ಲವೂ 1862ರಲ್ಲಿ ಅಚ್ಚಾದವಲ್ಲ. 1874ರವರೆಗೂ ಅದೇ ಇಸವಿ ಹಾಕಿಯೇ ಹೊಡೆದರು. ನಡುನಡುವೆ ಸಣ್ಣ ಚುಕ್ಕೆಗಳನ್ನು ಸೇರಿಸಿದರು. ಕೆಲವು ಚುಕ್ಕೆಗಳ ಜೋಡಣೆ ಮಾಮೂಲಿ, ಕೆಲವು ಅಪರೂಪ. ಎರಡು ನಾಣ್ಯ ಪಕ್ಕಪಕ್ಕ ಇಟ್ಟರೆ ನಮ್ಮ ಕಣ್ಣಿಗೆ ಒಂದೇ. ಕೂಡಿಸುವವರಿಗೆ ಬೆಲೆಯೇ ಬೇರೆ.

ಟಂಕಸಾಲೆ, ಅಂದರೆ ನಾಣ್ಯ ಅಚ್ಚಾದ ಜಾಗದ ಗುರುತನ್ನೂ ನೋಡಬೇಕು. ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಗುಂಡಗಿನ ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತಾ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ ಇದಕ್ಕೆ ಸಾಕು.

ನಮ್ಮ ಮೈಸೂರು ನಾಣ್ಯಗಳ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. ಇವು ನಮ್ಮವು, ನಾವೇ ಓದೋಕೆ ಕಲಿಯಬೇಕು. ಟಿಪ್ಪುವಿನ ಆನೆ ಇರುವ ತಾಮ್ರದ ನಾಣ್ಯದಲ್ಲಿ ಟಂಕಸಾಲೆಯ ಹೆಸರು ಪಾರಸಿಯಲ್ಲಿ ಇರುತ್ತದೆ. ಪಟ್ಟಣ, ಅಂದರೆ ಶ್ರೀರಂಗಪಟ್ಟಣದ್ದು, ಮತ್ತು ನಗರ, ಅಂದರೆ ಹಳೆಯ ಬಿದನೂರಿನದ್ದು ಜಾಸ್ತಿ ಸಿಗುತ್ತವೆ. ಬೆಂಗಳೂರು ಟಂಕಸಾಲೆಯದ್ದು ಅಷ್ಟು ಸಲೀಸಾಗಿ ಸಿಗುವುದಿಲ್ಲ. ಆನೆ ಒಂದೇ ಅಂತ ಬೆಲೆಯೂ ಒಂದೇ ಅಲ್ಲ. ಇಸವಿ ಓದುವಾಗಲೂ ಹುಷಾರು. ಟಿಪ್ಪು 1787ರ ಹೊತ್ತಿಗೆ ಮೌಲೂದಿ ಅನ್ನೋ ತನ್ನದೇ ಶಕೆ ಶುರು ಮಾಡಿದಾಗ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಆ ಶಕೆಯ ವರ್ಷ 1215 ಅನ್ನೋದು ನಾಣ್ಯದ ಮೇಲೆ 5121ರ ಹಾಗೆ ಕಾಣುತ್ತದೆ. ಇದು ಗೊತ್ತಿಲ್ಲದವರು ಅಸಲಿ ನಾಣ್ಯವನ್ನೇ ನಕಲಿ ಅಂತ ಬಿಸಾಕಿಬಿಡಬಹುದು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳಲ್ಲಿ ಕನ್ನಡದಲ್ಲೇ "ಮಯಿಲಿ ಕಾಸು" ಅಂತ ಇರುತ್ತದೆ, ಜೊತೆಗೆ ಇಂಗ್ಲಿಷ್, ಪಾರಸಿ. ಅಚ್ಚು ದೊಡ್ಡದು, ಲೋಹದ ಬಿಲ್ಲೆ ಚಿಕ್ಕದು. ಹಾಗಾಗಿ ಎಷ್ಟೋ ನಾಣ್ಯಗಳಲ್ಲಿ ಅರ್ಧ ಬರಹ ಬಿದ್ದೇ ಇರುವುದಿಲ್ಲ. ಸಿಂಹದ ಚಿತ್ರ ಪೂರ್ತಿ ಬಿದ್ದು, ಕನ್ನಡ ಅಕ್ಷರ ಓದೋಕೆ ಬರುವಂತಿದ್ದರೆ ಅದಕ್ಕೆ ಅರೆಬರೆ ನಾಣ್ಯಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೆಲೆ. ವಿಜಯನಗರದ ಚಿನ್ನದ ವರಹಕ್ಕೂ ಇದೇ ಮಾತು. ಸುಮಾರು 3.4 ಗ್ರಾಂ ತೂಗುವ ಆ ಪುಟ್ಟ ನಾಣ್ಯದಲ್ಲಿ ಕೃಷ್ಣದೇವರಾಯನ ಬಾಲಕೃಷ್ಣ ಇದೆಯೋ, ಅಚ್ಯುತರಾಯನ ಗಂಡಭೇರುಂಡ ಇದೆಯೋ, ಮುಖ ಸ್ಪಷ್ಟವಾಗಿದೆಯೋ ಅನ್ನೋದೆಲ್ಲ ಲೆಕ್ಕಕ್ಕೆ ಬರುತ್ತದೆ. ಇಂಥದ್ದು ಕೈಲಿದ್ದರೆ ಚಿನ್ನದ ತೂಕದ ಮಾತೇ ಎತ್ತಬೇಡಿ.

ಸ್ಥಿತಿಯೇ ದೊಡ್ಡದು

ಒಂದೇ ಇಸವಿ, ಒಂದೇ ಟಂಕಸಾಲೆ, ಆದರೂ ಒಂದು ನಾಣ್ಯಕ್ಕೆ ಬೆಳ್ಳಿಯ ಬೆಲೆ, ಇನ್ನೊಂದಕ್ಕೆ ಅದರ ಎಷ್ಟೋ ಪಟ್ಟು. ಕಾರಣ ಸವೆತ. ನಾಣ್ಯದಲ್ಲಿ ಎಲ್ಲಕ್ಕಿಂತ ಉಬ್ಬಿರುವ ಜಾಗ ಮೊದಲು ಸವೆಯುತ್ತದೆ. ಐದನೇ ಜಾರ್ಜ್ ರೂಪಾಯಿಯಾದರೆ ಕಿರೀಟದ ಹರಳುಗಳು, ಹುಬ್ಬು, ಕಿವಿಯ ಮೇಲಿನ ಕೂದಲು, ನಿಲುವಂಗಿಯ ಆನೆ ನೋಡಿ. ಆನೆ ಬರೀ ಗಡ್ಡೆಯ ಹಾಗೆ ಕಂಡರೆ ನಾಣ್ಯ ಚೆನ್ನಾಗಿ ಓಡಾಡಿದೆ ಅಂತ ಅರ್ಥ. ಡೀಲರ್‌ಗಳು ಎಫ್, ವಿಎಫ್, ಎಕ್ಸ್‌ಎಫ್, ಯುಎನ್‌ಸಿ ಅಂತ ಮೆಟ್ಟಿಲು ಮಾಡಿಕೊಂಡಿದ್ದಾರೆ. ಎಫ್ ಅಂದರೆ ಸವೆದರೂ ಎಲ್ಲ ಗುರುತು ಉಳಿದಿದೆ. ವಿಎಫ್, ಎಕ್ಸ್‌ಎಫ್ ಅದಕ್ಕಿಂತ ಮೇಲಿನವು. ಯುಎನ್‌ಸಿ ಅಂದರೆ ಚಲಾವಣೆಯ ಸವೆತವೇ ಇಲ್ಲ. ದೀಪದ ಕೆಳಗೆ ಓರೆಯಾಗಿ ತಿರುಗಿಸಿದರೆ ಹೊಳಪಿನ ಪಟ್ಟಿ ನಾಣ್ಯದ ಸುತ್ತ ಓಡುತ್ತದೆ. ಆ ಹೊಳಪು ಅಚ್ಚೊತ್ತಿದಾಗ ಹುಟ್ಟಿದ್ದು. ಒಮ್ಮೆ ಹೋದರೆ ಪಾಲಿಷ್ ಮಾಡಿದರೂ ಬರುವುದಿಲ್ಲ.

ಅದಕ್ಕೇ ಹೇಳೋದು, ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ಪೀತಾಂಬರಿ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಹಬ್ಬದ ದಿನ ದೀಪದ ಕಂಬಗಳ ಜೊತೆ ನಾಣ್ಯವನ್ನೂ ಉಜ್ಜಿ ಫಳಫಳ ಅನ್ನಿಸೋದು ನಮ್ಮ ಮನೆಗಳ ಅಭ್ಯಾಸ. ಭಕ್ತಿಯಿಂದ ಮಾಡಿದ್ದೇ, ತಪ್ಪು ಅನ್ನೋಕೆ ಆಗುವುದಿಲ್ಲ. ಆದರೆ ಬೆಳ್ಳಿಯ ಮೇಲೆ ದಶಕಗಳಿಂದ ಕೂತ ಕಪ್ಪು, ತಾಮ್ರದ ಮೇಲಿನ ಕಂದು ಬಣ್ಣ ನಾಣ್ಯಕ್ಕೆ ರಕ್ಷಣೆ. ಅದು ತಾನಾಗಿ ಬಂದದ್ದು ಅಂತ ಕಂಡರೆ ಕೊಳ್ಳುವವರಿಗೆ ನಂಬಿಕೆ ಬರುತ್ತದೆ. ಉಜ್ಜಿದ ನಾಣ್ಯದ ಮೇಲೆ ಕೂದಲೆಳೆಯಂಥ ಗೀರುಗಳು ಭೂತಗನ್ನಡಿಯಲ್ಲಿ ಎದ್ದು ಕಾಣುತ್ತವೆ. ಅಲ್ಲಿಗೆ ಬೆಲೆ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ.

ಇನ್ನೊಂದು ನಮ್ಮ ಕಡೆಯ ವಿಶೇಷ ಕಾಸಿನ ಸರ. ಬೆಳ್ಳಿ ರೂಪಾಯಿಗೆ, ಚಿನ್ನದ ಪವನಿಗೆ ಕುಣಿಕೆ ಬೆಸೆದು ಕೊರಳಿಗೆ ಹಾಕಿಕೊಂಡರು. ಆಮೇಲೆ ಕುಣಿಕೆ ಕಿತ್ತು, ಅಂಚು ಅರೆದು, ನಾಣ್ಯವಾಗಿ ಮಾರುತ್ತಾರೆ. ಕೊಳ್ಳುವಾಗ ಅಂಚಿನ ಗೆರೆಗಳನ್ನು ಸುತ್ತಲೂ ನೋಡಿ. ಹನ್ನೆರಡು ಗಂಟೆ ಮುಳ್ಳಿನ ಜಾಗದಲ್ಲಿ ಗೆರೆ ಅಳಿಸಿದ್ದರೆ ಅಲ್ಲಿ ಬೆಸುಗೆ ಇತ್ತು ಅಂತ ತಿಳಿಯಿರಿ. ಆದರೆ ಹಳೆ ಮೊಘಲ್ ಮತ್ತು ಈಸ್ಟ್ ಇಂಡಿಯಾ ಕಂಪನಿ ರೂಪಾಯಿಗಳ ಮೇಲೆ ಕಾಣುವ ಚಿಕ್ಕ ಒತ್ತುಗಳು ಬೇರೆ. ಅವು ಶರಾಫರು, ಅಂದರೆ ಹಣ ಬದಲಾಯಿಸಿ ಕೊಡುತ್ತಿದ್ದವರು, ಬೆಳ್ಳಿ ಪರೀಕ್ಷೆ ಮಾಡಿ ಹಾಕಿದ ಗುರುತು. ಅವೂ ಬೆಲೆ ತಗ್ಗಿಸುತ್ತವೆ, ಆದರೆ ಕೆತ್ತಿ ಹಾಳು ಮಾಡಿದಷ್ಟಲ್ಲ.

ನಕಲಿಗಳ ಸಂತೆ

ರಾಮ ಪಟ್ಟಾಭಿಷೇಕ ಅಥವಾ ಹನುಮಂತನ ಚಿತ್ರ, ಹಿಂದೆ ಈಸ್ಟ್ ಇಂಡಿಯಾ ಕಂಪನಿ ಅಂತ ಬರಹ, 1818 ಅಥವಾ 1616 ಅಂತ ಇಸವಿ. ಈ ಬಿಲ್ಲೆ ಎಷ್ಟೋ ದೇವರ ಮನೆಗಳಲ್ಲಿದೆ. ಇದು ನಾಣ್ಯವೇ ಅಲ್ಲ. ಇತ್ತೀಚಿನ ಕಾಲದಲ್ಲಿ ಮಾಡಿ ಮಾರಿದ ಬಿಲ್ಲೆ. ಮದ್ರಾಸ್ ಕಡೆ ಕಂಪನಿ ವಿಷ್ಣುವಿನ ಚಿತ್ರದ ಚಿನ್ನದ ವರಹ ಹೊಡೆಸಿದ್ದು ನಿಜ. ಆದರೆ ಅದರಲ್ಲಿ ಹೀಗೆ ಆಣೆ, ಇಸವಿ ಇರುವುದಿಲ್ಲ. ಅಕ್ಕಿ ಎಳೆಯುತ್ತದೆ, ಅದೃಷ್ಟ ತರುತ್ತದೆ ಅಂತ ಇದಕ್ಕೆ ಲಕ್ಷ ಕೇಳುವವರ ಹತ್ತಿರ ಮಾತೇ ಬೇಡ.

ಶ್ರೀರಂಗಪಟ್ಟಣಕ್ಕೆ ಹೋದಾಗ "ಸಾರ್, ಟಿಪ್ಪು ಕಾಯಿನ್" ಅಂತ ಹಿಂದೆ ಬೀಳುತ್ತಾರಲ್ಲ, ಅವು ಹೆಚ್ಚಾಗಿ ಎರಕ ಹೊಯ್ದವು. ಅಸಲಿ ನಾಣ್ಯ ಸುತ್ತಿಗೆ ಏಟಿನಿಂದ ಅಚ್ಚಾದದ್ದು, ಅಕ್ಷರದ ಅಂಚು ಚೂಪಾಗಿರುತ್ತದೆ. ಎರಕದ್ದಾದರೆ ಮೇಲ್ಮೈಯಲ್ಲಿ ಸೂಜಿಮೊನೆಯಂಥ ತೂತುಗಳು, ಅಂಚಿನ ಸುತ್ತ ಒಂದು ಸಣ್ಣ ಜೋಡಿನ ಗೆರೆ, ಅಕ್ಷರಗಳು ಮೊಂಡು. 1939ರ ರೂಪಾಯಿ ಅಂತ ಯಾರಾದರೂ ತೋರಿಸಿದರೆ ಮೊದಲು ಕೊನೆಯ 9ಕ್ಕೆ ಭೂತಗನ್ನಡಿ ಹಿಡಿಯಿರಿ. 8ನ್ನು ತಿದ್ದಿ 9 ಮಾಡಿರಬಹುದು.

ತಪ್ಪಾಗಿ ಅಚ್ಚಾದ ನಾಣ್ಯಗಳಿಗೂ ಒಳ್ಳೆ ಬೆಲೆ ಇದೆ. ಒಂದೇ ಚಿತ್ರ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕನ್ನಡಿಯಲ್ಲಿ ನೋಡಿದ ಹಾಗೆ ಒಳಕ್ಕೆ ಬಿದ್ದಿದ್ದರೆ ಕೂಡಿಸುವವರು ಲಖಿ ಅನ್ನುತ್ತಾರೆ. ಅದು ಟಂಕಸಾಲೆಯಲ್ಲೇ ಆದ ತಪ್ಪು. ಆದರೆ ಎರಡು ನಾಣ್ಯ ಸೀಳಿ ಅಂಟಿಸಿ ಎರಡೂ ಕಡೆ ತಲೆ ಮಾಡಿದ್ದು, ಸುತ್ತಿಗೆಯಲ್ಲಿ ಜಜ್ಜಿದ್ದು ಇವೆಲ್ಲ ಹಾಳಾದ ನಾಣ್ಯ ಅಷ್ಟೆ.

ಕೊನೆಗೆ ಅಂಕಿ ಎಲ್ಲಿ ಸಿಗುತ್ತದೆ

ಆನ್‌ಲೈನ್ ಜಾಹೀರಾತಿನಲ್ಲಿ ಹಾಕಿರುವ ಬೆಲೆ ಬೆಲೆಯಲ್ಲ. ಸೈಟ್ ಮುಂದೆ ಬೋರ್ಡ್ ಹಾಕಿದ ರೇಟಿಗೂ ರಿಜಿಸ್ಟರ್ ಆದ ರೇಟಿಗೂ ಎಷ್ಟು ವ್ಯತ್ಯಾಸ ಇರುತ್ತದೆ ಅಂತ ಬೆಂಗಳೂರಿನವರಿಗೆ ಹೇಳಿಕೊಡಬೇಕಾ? ನೋಡಬೇಕಾದ್ದು ಮಾರಾಟವಾದ ಬೆಲೆ. ನಾಣ್ಯ ಹರಾಜು ನಡೆಸುವ ಸಂಸ್ಥೆಗಳು ಹಳೆ ಹರಾಜಿನ ಫಲಿತಾಂಶವನ್ನು ಫೋಟೋ ಸಮೇತ ವೆಬ್‌ಸೈಟಿನಲ್ಲಿ ಇಡುತ್ತವೆ. ನಿಮ್ಮದೇ ಇಸವಿ, ನಿಮ್ಮದೇ ಟಂಕಸಾಲೆ, ಹೆಚ್ಚುಕಡಿಮೆ ನಿಮ್ಮದೇ ಸ್ಥಿತಿಯ ನಾಲ್ಕೈದು ಮಾರಾಟ ಹುಡುಕಿ. ತೀರ ಜಾಸ್ತಿಗೆ ಹೋದ ಒಂದನ್ನು ಬಿಟ್ಟು ಉಳಿದವುಗಳನ್ನು ನೋಡಿ. ಕೊಂಡವರು ಹರಾಜಿನ ಬೆಲೆಯ ಮೇಲೆ ಕಮಿಷನ್, ಜಿಎಸ್‌ಟಿ ಕೊಡುತ್ತಾರೆ. ಮಾರಿದವರಿಗೂ ಕಮಿಷನ್ ಕಳೆದೇ ಸಿಗುತ್ತದೆ. ಡೀಲರ್ ಕೈಗೆ ನೇರವಾಗಿ ಕೊಟ್ಟರೆ ಇನ್ನೂ ಕಡಿಮೆ. ಅವರು ಅಂಗಡಿ ಬಾಡಿಗೆ ಕಟ್ಟಿ, ಕೊಳ್ಳುವವರು ಬರೋವರೆಗೆ ಕಾಯಬೇಕಲ್ಲ.

ನಾಣ್ಯಗಳನ್ನು ಕೈಯಲ್ಲಿ ಹಿಡಿದು ನೋಡಿ ಕಲಿಯೋಕೆ ಮೇಳಗಳಷ್ಟು ಒಳ್ಳೆ ಜಾಗ ಇಲ್ಲ. ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ ನಾಣ್ಯ ಪ್ರದರ್ಶನಗಳು ನಡೆದಿವೆ. ದೇಶದ ಬೇರೆಬೇರೆ ಕಡೆಯ ಡೀಲರ್‌ಗಳು ಒಂದೇ ಸೂರಿನಡಿ ಸಿಗುತ್ತಾರೆ. ಒಂದೇ ನಾಣ್ಯವನ್ನು ಮೂರು ಟೇಬಲ್‌ಗಳಲ್ಲಿ ತೋರಿಸಿ. "ಇದನ್ನ ಎಷ್ಟಕ್ಕೆ ತಗೋತೀರಾ ಸಾರ್?" ಅಂತ ಕೇಳಿ. "ಇದು ಎಷ್ಟು ಬಾಳುತ್ತೆ?" ಅಂತ ಕೇಳಬೇಡಿ. ಮೊದಲ ಪ್ರಶ್ನೆಗೆ ದುಡ್ಡಿನ ಉತ್ತರ ಬರುತ್ತದೆ, ಎರಡನೆಯದಕ್ಕೆ ಮಾತಿನ ಉತ್ತರ. ನಾಣ್ಯ ನಿಜಕ್ಕೂ ಅಪರೂಪದ್ದು ಅನ್ನಿಸಿದರೆ ಎನ್‌ಜಿಸಿ ಅಥವಾ ಪಿಸಿಜಿಎಸ್‌ನಂಥ ಸಂಸ್ಥೆಗೆ ಕಳಿಸಿ ದೃಢೀಕರಿಸಬಹುದು. ಅವರು ಪರೀಕ್ಷಿಸಿ, 1ರಿಂದ 70ರ ಒಳಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತಾರೆ. ಸಾವಿರ ರೂಪಾಯಿಯ ನಾಣ್ಯಕ್ಕೆ ಅಷ್ಟು ಖರ್ಚು ಮಾಡೋದು ದಂಡ.

ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿಗೆ ಲಕ್ಷ ಕೊಡುತ್ತೇವೆ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಳಿಸಿ ಅಂತ ಫೋನ್ ಬಂದರೆ ಅಲ್ಲೇ ಇಟ್ಟುಬಿಡಿ. ಆ ನಾಣ್ಯ ಮಾಮೂಲಿ. ತನ್ನ ಹೆಸರು, ಲೋಗೋ ಹಾಕಿಕೊಂಡು ಕಮಿಷನ್, ತೆರಿಗೆ ಅಂತ ದುಡ್ಡು ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಕೊಳ್ಳುವವರು ನಿಮಗೆ ದುಡ್ಡು ಕೊಡಬೇಕು, ನೀವು ಅವರಿಗಲ್ಲ.

ಕಾನೂನಿನ ಎರಡು ಮಾತೂ ತಿಳಿದಿರಲಿ. ಬೆಂಗಳೂರಿನ ನೆಲದಲ್ಲೇ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. 1891ರಲ್ಲಿ ಯಶವಂತಪುರದಲ್ಲಿ 163, 1965ರಲ್ಲಿ ಎಚ್‌ಎಎಲ್ ಹತ್ತಿರ 256. ಪಾಯ ತೋಡುವಾಗ, ಬಾವಿ ಕೆಡವುವಾಗ ನಿಮಗೂ ಹೀಗೆ ಸಿಕ್ಕರೆ ಅದು ನಿಧಿ. ಅದಕ್ಕಂತಲೇ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸಬೇಕು, ಮಾರೋಕೆ ಹೋಗಬಾರದು. ಇನ್ನು ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ, ಅಜ್ಜಿಯ ರೂಪಾಯಿ ಒಂದೆರಡು ಅವರಿಗೆ ಕೊಟ್ಟು ಬರೋಣ ಅಂತ ಸೂಟ್‌ಕೇಸಿಗೆ ಹಾಕುವ ಮುಂಚೆ ಇಸವಿ ನೋಡಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. 1944ರದ್ದಾದರೆ ಆ ತೊಡಕಿಲ್ಲ, 1918ರದ್ದು ಮನೆಯಲ್ಲೇ ಇರಲಿ.